ತರಗತಿಯ ಗಾಳಿ: ಪೊರಕೆಯಿಂದ ಇನ್‌ಹೇಲರ್‌ವರೆಗೆ ಶಾಲೆ ಮಾಡಬಹುದಾದ ಕೆಲಸ

ಬೆಳಿಗ್ಗೆ ಪ್ರಾರ್ಥನೆಗೆ ಕಾಲು ಗಂಟೆ ಮುನ್ನ ಯಾವುದಾದರೂ ಪ್ರಾಥಮಿಕ ಶಾಲೆಯ ತರಗತಿಯ ಬಾಗಿಲಲ್ಲಿ ನಿಂತು, ಪೂರ್ವದ ಕಿಟಕಿಯಿಂದ ಒಳಗೆ ಬೀಳುವ ಬಿಸಿಲುಕೋಲನ್ನು ನೋಡಿ. ಆಗಷ್ಟೇ ಕಸ ಗುಡಿಸಿ ಮುಗಿದಿರುತ್ತದೆ. ಬಿಸಿಲುಕೋಲಿನೊಳಗೆ ದೂಳು ಹೊಗೆಯಂತೆ ಸುತ್ತುತ್ತಿರುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಒಂದು, ಎರಡು, ಮೂರನೇ ತರಗತಿಯ ನಲಿ-ಕಲಿ ಮಕ್ಕಳು ಅದೇ ಕೋಣೆಗೆ ಬಂದು ಜಮಖಾನದ ಮೇಲೆ ಕುಳಿತುಕೊಳ್ಳುತ್ತಾರೆ. ಅವರ ಮೂಗು ನೆಲದಿಂದ ಎರಡಡಿ ಎತ್ತರದಲ್ಲಿರುತ್ತದೆ. ನೆಲ ಸ್ವಚ್ಛವಾಗಿರುತ್ತದೆ, ಅದರ ಕೊಳೆಯೆಲ್ಲ ಗಾಳಿಗೆ ವರ್ಗವಾಗಿರುತ್ತದೆ ಅಷ್ಟೇ.

ಈ ಲೇಖನ ಮುಖ್ಯ ಶಿಕ್ಷಕರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ನಾವೆಲ್ಲ ಎಸ್‌ಡಿಎಂಸಿ ಎನ್ನುವ ಸಮಿತಿಯ ಸದಸ್ಯರಿಗೆ ಮತ್ತು ಪೋಷಕರಿಗೆ. ಇಲ್ಲಿ ಹೇಳಿರುವ ಬಹುಪಾಲು ಕೆಲಸಗಳಿಗೆ ಪೊರಕೆ, ಒದ್ದೆ ಬಟ್ಟೆ, ಸ್ಕ್ರೂಡ್ರೈವರ್ ಮತ್ತು ವೇಳಾಪಟ್ಟಿಯಲ್ಲಿ ಒಂದಿಷ್ಟು ಬದಲಾವಣೆ ಸಾಕು. ಅನುಸರಿಸಬೇಕಾದ ಕ್ರಮ ಮಾತ್ರ ಮುಖ್ಯ: ದೂಳು ಮತ್ತು ಹೊಗೆ ಹುಟ್ಟುವ ಜಾಗವನ್ನು ಮೊದಲು ಸರಿಪಡಿಸಬೇಕು, ನಂತರ ಕಿಟಕಿಯ ಕಡೆ ನೋಡಬೇಕು, ಯಂತ್ರದ ಮಾತು ಕೊನೆಗೆ. ಅನೇಕ ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ. ದಾನಿಯೊಬ್ಬರು ಗಾಳಿ ಶುದ್ಧೀಕರಿಸುವ ಯಂತ್ರ ಕೊಡುತ್ತಾರೆ, ಅದರ ಪಕ್ಕದಲ್ಲೇ ಡಸ್ಟರ್ ಕೊಡವುತ್ತಾರೆ.

ಮಕ್ಕಳ ವಿಷಯದಲ್ಲಿ ಇಷ್ಟು ಕಾಳಜಿ ಏಕೆ ಎಂಬುದಕ್ಕೆ ಕಾರಣ ಅವರ ದೇಹದಲ್ಲೇ ಇದೆ. ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರ ಶ್ವಾಸನಾಳಗಳು ಕಿರಿದಾಗಿರುವುದರಿಂದ ಸ್ವಲ್ಪ ಊದಿಕೊಂಡರೂ ಉಸಿರು ಕಟ್ಟುತ್ತದೆ, ಮತ್ತು ಶ್ವಾಸಕೋಶದ ಸಾಮರ್ಥ್ಯ ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 11ರಿಂದ 15 ವರ್ಷದ ಮಕ್ಕಳ ಮೂರು ತಂಡಗಳನ್ನು 1994ರಿಂದ 2011ರ ನಡುವೆ ಬೇರೆ ಬೇರೆ ಅವಧಿಯಲ್ಲಿ ಗಮನಿಸಿದಾಗ, ಊರಿನ ಗಾಳಿ ತಿಳಿಯಾದಂತೆ ನಂತರದ ತಂಡಗಳ ಮಕ್ಕಳ ಶ್ವಾಸಕೋಶ ಹೆಚ್ಚು ಚೆನ್ನಾಗಿ ಬೆಳೆದದ್ದು ಕಂಡುಬಂತು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಅವರಲ್ಲಿ ಅಸ್ತಮಾ ಇದ್ದವರ ಪಾಲು 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ. ಆದರೂ ಏರಿಕೆಯ ದಿಕ್ಕಿನ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ.

ಮೊದಲ ಹೆಜ್ಜೆ: ಒಂದು ನೋಟ್‌ಪುಸ್ತಕ, ಒಂದು ಮೂಗು

ಯಾವ ಉಪಕರಣವನ್ನೂ ಕೊಳ್ಳುವ ಮುನ್ನ ಶಾಲೆಯನ್ನು ದಿನಕ್ಕೆ ಮೂರು ಬಾರಿ ಸುತ್ತಿ ನೋಡಿ: ಕಸ ಗುಡಿಸುವ ಹೊತ್ತು, ಬಿಸಿಯೂಟಕ್ಕೆ ಅರ್ಧ ಗಂಟೆ ಮುನ್ನ, ಮತ್ತು ಮಧ್ಯಾಹ್ನದ ಎರಡನೇ ಅವಧಿ ಮುಗಿಯುವ ಸಮಯ. ಪ್ರತಿ ಬಾರಿಯೂ ಹೊರಗೆ ಎರಡು ನಿಮಿಷ ನಿಂತು ನಂತರ ತರಗತಿಯೊಳಗೆ ಕಾಲಿಡಬೇಕು. ಒಳಗೇ ಇರುವವರ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ. ಹೊರಗಿನಿಂದ ಬಂದವರಿಗೆ ಬೆವರಿನ ಕಮಟು, ಮುಗ್ಗಲು, ಸೌದೆಯ ಹೊಗೆ, ಫಿನೈಲ್ ಇವೆಲ್ಲ ಮೊದಲ ಉಸಿರಿಗೇ ತಿಳಿಯುತ್ತವೆ. ತಿಳಿದದ್ದನ್ನು ಕೋಣೆವಾರು ಬರೆದುಕೊಳ್ಳಿ. ಯಾವ ಕಿಟಕಿ ತೆರೆಯುವುದಿಲ್ಲ, ಯಾವುದಕ್ಕೆ ಬೀರು ಅಡ್ಡ ಬಂದಿದೆ, ಯಾವ ಗೋಡೆ ತೇವವಾಗಿದೆ ಎಂಬುದನ್ನೂ ಬರೆಯಿರಿ.

ಇದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಎರಡು ವಾರ ಮತ್ತೊಂದು ದಾಖಲೆ ಇಡಬೇಕು. ಕೆಮ್ಮು, ನೆಗಡಿ ಅಥವಾ ಉಸಿರಾಟದ ತೊಂದರೆಯ ಕಾರಣಕ್ಕೆ ಯಾವ ತರಗತಿಯ ಎಷ್ಟು ಮಕ್ಕಳು ಗೈರುಹಾಜರಾದರು, ತರಗತಿಯಲ್ಲಿ ಯಾವ ಹೊತ್ತಿಗೆ ಕೆಮ್ಮು ಹೆಚ್ಚು ಕೇಳಿಸಿತು ಎಂಬುದಷ್ಟೇ ಸಾಕು. ಇದು ವೈಜ್ಞಾನಿಕ ಅಧ್ಯಯನವಲ್ಲ. ಆದರೆ ಅಡುಗೆಕೋಣೆಗೆ ಹೊಂದಿಕೊಂಡ ಕೋಣೆಯಲ್ಲಿ ಬೆಳಿಗ್ಗೆ ಹನ್ನೊಂದರ ನಂತರ ಕೆಮ್ಮು ಹೆಚ್ಚುತ್ತಿದೆ ಎಂದು ಪುಟದಲ್ಲಿ ಕಾಣಿಸಿದರೆ ಎಸ್‌ಡಿಎಂಸಿ ಸಭೆಯಲ್ಲಿ ವಾದ ಮಾಡುವ ಅಗತ್ಯವೇ ಬರುವುದಿಲ್ಲ.

ಎರಡನೇ ಹೆಜ್ಜೆ: ಪೊರಕೆಯ ವೇಳೆ ಬದಲಿಸುವುದು

ಒಂದೇ ಒಂದು ಕೆಲಸ ಮಾಡಲು ಸಾಧ್ಯ ಎಂದಾದರೆ ಇದನ್ನು ಮಾಡಿ ಎಂಬುದು ನನ್ನ ಸಲಹೆ. ಖರ್ಚಿಲ್ಲ, ಯಾರ ಅನುಮತಿಯೂ ಬೇಡ.

ದೂಳಿನ ಕಣ ಎಷ್ಟು ಚಿಕ್ಕದೋ ಅಷ್ಟು ಹೊತ್ತು ಗಾಳಿಯಲ್ಲಿ ಉಳಿಯುತ್ತದೆ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್ ಗಾತ್ರದ ಕಣ ಹತ್ತಡಿ ಎತ್ತರದಿಂದ ನೆಲಕ್ಕೆ ಬೀಳಲು ಸುಮಾರು ಕಾಲು ಗಂಟೆ ಹಿಡಿಯುತ್ತದೆ, 2.5 ಮೈಕ್ರಾನ್ ಕಣಕ್ಕೆ ನಾಲ್ಕು ಗಂಟೆಗೂ ಹೆಚ್ಚು ಬೇಕು. ನಮ್ಮ ತಲೆಗೂದಲಿನ ದಪ್ಪ 70 ಮೈಕ್ರಾನ್ ಆಸುಪಾಸು ಇರುತ್ತದೆ ಎಂದರೆ ಈ ಕಣಗಳ ಗಾತ್ರ ಊಹಿಸಬಹುದು. ದೊಡ್ಡ ಕಣಗಳು ಮೂಗು ಮತ್ತು ಗಂಟಲಲ್ಲಿ ನಿಲ್ಲುತ್ತವೆ, 2.5 ಮೈಕ್ರಾನ್‌ಗಿಂತ ಚಿಕ್ಕವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಕ್ಕಳು ಓಡಾಡುವ, ಫ್ಯಾನು ತಿರುಗುವ ಕೋಣೆಯಲ್ಲಿ ಗಾಳಿ ಅಲುಗಾಡದೆ ಇರುವುದಿಲ್ಲವಾದ್ದರಿಂದ, ಒಂಬತ್ತೂವರೆಗೆ ಎದ್ದ ದೂಳು ಮಧ್ಯಾಹ್ನದವರೆಗೂ ಕೆಳಗೆ ಕೂರದೆ ಸುತ್ತುತ್ತಲೇ ಇರಬಹುದು.

ಆದ್ದರಿಂದ ಕಸ ಗುಡಿಸುವುದು ಸಂಜೆ ಕೊನೆಯ ಗಂಟೆ ಬಾರಿಸಿ ಮಕ್ಕಳು ಹೊರಟ ಮೇಲೆ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಫ್ಯಾನು ನಿಲ್ಲಿಸಿ ಆಗಬೇಕು. ಗುಡಿಸುವ ಮುನ್ನ ನೆಲಕ್ಕೆ ತುಸು ನೀರು ಚಿಮುಕಿಸುವ ಅಜ್ಜಿಯರ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದ್ದು. ನೀರು ಹಿಡಿದ ದೂಳು ಮೇಲೇಳುವುದಿಲ್ಲ. ರಾತ್ರಿಯಿಡೀ ಕೆಳಗೆ ಕೂತ ಸಣ್ಣ ದೂಳನ್ನು ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಅಥವಾ ಮಾಪಿನಿಂದ ಒರೆಸಿ ತೆಗೆಯಬೇಕು. ಬೆಂಚು, ಡೆಸ್ಕು, ಕಿಟಕಿಯ ಅಂಚು, ಫ್ಯಾನಿನ ರೆಕ್ಕೆ, ಬೀರುವಿನ ನೆತ್ತಿ ಇವನ್ನೂ ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಒಣ ಬಟ್ಟೆಯಿಂದ ಕೊಡವುವುದೆಂದರೆ ದೂಳಿಗೆ ಜಾಗ ಬದಲಿಸಿಕೊಟ್ಟಂತೆ. ಜಮಖಾನಗಳನ್ನು ವಾರಕ್ಕೊಮ್ಮೆ ಅಂಗಳದಲ್ಲಿ, ತರಗತಿಗಳಿಂದ ದೂರದಲ್ಲಿ ಕೊಡವಿ ಬಿಸಿಲಿಗೆ ಹಾಕಬೇಕು. ಈ ಯಾವ ಕೆಲಸವನ್ನೂ ಮಕ್ಕಳ ಕೈಯಲ್ಲಿ, ಅದರಲ್ಲೂ ಉಬ್ಬಸವಿರುವ ಮಕ್ಕಳ ಕೈಯಲ್ಲಿ ಮಾಡಿಸಬಾರದು.

ಸೀಮೆಸುಣ್ಣದ ಬಗ್ಗೆ ಒಂದು ಮಾತು. ಬೋರ್ಡಿನ ಕೆಳಗೆ ಉದುರುವ ಪುಡಿಯಲ್ಲಿ ಹೆಚ್ಚಿನದು ಸುಣ್ಣದ ಕಲ್ಲಿನ ಅಥವಾ ಜಿಪ್ಸಮ್‌ನ ದಪ್ಪ ಕಣ. ಅದು ಮೊದಲು ಬಾಧಿಸುವುದು ಶಿಕ್ಷಕರನ್ನು ಮತ್ತು ಮುಂದಿನ ಸಾಲಿನ ಮಕ್ಕಳನ್ನು. ಬೋರ್ಡನ್ನು ಒದ್ದೆ ಸ್ಪಂಜಿನಿಂದ ಒರೆಸುವುದು, ಡಸ್ಟರನ್ನು ಕಾರಿಡಾರಿನ ಗೋಡೆಗೆ ಬಡಿಯದೆ ನೀರಿನಲ್ಲಿ ತೊಳೆಯುವುದು, ಮುಂದಿನ ಸಾಲನ್ನು ಐದಾರು ಅಡಿ ಹಿಂದಕ್ಕೆ ಸರಿಸುವುದು ಇಷ್ಟು ಸಾಕು. ದೂಳಿಲ್ಲದ ಚಾಕ್‌ಪೀಸ್ ಎಂದು ಮಾರುವ ಕೆಲವು ಬಗೆಗಳಲ್ಲಿ ಹಾಲಿನ ಕೇಸೀನ್ ಎಂಬ ಪ್ರೋಟೀನ್ ಬೆರೆಸಿರುತ್ತಾರೆ. ಹಾಲಿನ ಅಲರ್ಜಿ ಇರುವ ಅಪರೂಪದ ಮಗುವಿಗೆ ಅದರ ಪುಡಿಯೂ ಉಸಿರಾಟದ ತೊಂದರೆ ತರಬಲ್ಲದು ಎಂಬುದನ್ನು ನೆನಪಿನಲ್ಲಿಡಿ.

ಮೂರನೇ ಹೆಜ್ಜೆ: ಹೊಗೆ ಎಲ್ಲಿಂದ ಬರುತ್ತಿದೆ

ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಆರಂಭವಾದ ಮೇಲೆ ಬಹುತೇಕ ಶಾಲೆಗಳ ಆವರಣಕ್ಕೆ ಅಡುಗೆಮನೆಯೊಂದು ಬಂತು. ಒಲೆ ಗ್ಯಾಸಿನದಾದರೆ ತೊಂದರೆ ಕಡಿಮೆ. ಆದರೆ ಸಿಲಿಂಡರ್ ಬರುವುದು ತಡವಾದ ದಿನ ಮೂರು ಕಲ್ಲು ಹೂಡಿ ಸೌದೆ ಉರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅಂಥ ದಿನ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಅಡುಗೆ ಸಿಬ್ಬಂದಿ. ಅವರ ಕೆಮ್ಮನ್ನು ಯಾರೂ ನೋಟ್‌ಪುಸ್ತಕದಲ್ಲಿ ಬರೆಯುವುದಿಲ್ಲ, ನೀವು ಬರೆಯಿರಿ. ಒಂದು ತುಂಬಿದ ಸಿಲಿಂಡರ್ ಸದಾ ಹೆಚ್ಚುವರಿಯಾಗಿ ಇರುವಂತೆ ನೋಡಿಕೊಳ್ಳುವುದು ಮುಖ್ಯ ಶಿಕ್ಷಕರು ಮತ್ತು ಮುಖ್ಯ ಅಡುಗೆಯವರ ಜಂಟಿ ಹೊಣೆಯಾಗಬೇಕು.

ಅಡುಗೆಮನೆಯನ್ನು ಹೊಸದಾಗಿ ಕಟ್ಟುವಾಗ ಗಾಳಿಯ ದಿಕ್ಕು ನೋಡಿ ಜಾಗ ಆರಿಸಿ ಎಂದು ಹೇಳುವುದು ಸುಲಭ. ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸಿದರೆ ಚಳಿಗಾಲದಲ್ಲಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಹಾಗಾಗಿ ವರ್ಷವಿಡೀ ಸರಿಹೋಗುವ ದಿಕ್ಕು ಎಂಬುದಿಲ್ಲ. ತರಗತಿಯಿಂದ ದೂರ ಇಡುವುದು, ಮಾಡಿನ ಮಟ್ಟಕ್ಕಿಂತ ಎತ್ತರವಾದ ಚಿಮಣಿ ಹಾಕಿಸುವುದು, ಎಕ್ಸಾಸ್ಟ್ ಫ್ಯಾನಿನ ಬಾಯಿಯನ್ನು ತರಗತಿಗಳಿಗೆ ಎದುರಾಗಿ ತಿರುಗಿಸದಿರುವುದು ಇವು ದಿಕ್ಕಿಗಿಂತ ಹೆಚ್ಚು ಉಪಯುಕ್ತ.

ಇನ್ನೊಂದು ಹೊಗೆ ಶಾಲೆಯೇ ಹಚ್ಚುವಂಥದ್ದು. ಒಣ ಎಲೆ, ಹಳೆಯ ಉತ್ತರ ಪತ್ರಿಕೆ, ಹಾಲಿನ ಪುಡಿಯ ಪೊಟ್ಟಣ, ಬಿಸ್ಕತ್ತಿನ ಪ್ಲಾಸ್ಟಿಕ್ ಎಲ್ಲವನ್ನೂ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿಯಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಬೆಂಗಳೂರಿನ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್‌ನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸಾಮಾನ್ಯ ಪ್ರಕರಣಗಳಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಲು ಆದೇಶಿಸಿತು. ದಂಡದ ಭಯಕ್ಕಲ್ಲದಿದ್ದರೂ, ಅಂಗಳದಲ್ಲಿ ನಾಲ್ಕಡಿ ಉದ್ದಗಲದ ಗೊಬ್ಬರದ ಗುಂಡಿಯೊಂದನ್ನು ತೋಡಿದರೆ ಎಲೆಯ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ, ಶಾಲೆಯ ಕೈತೋಟಕ್ಕೆ ಗೊಬ್ಬರವೂ ಸಿಗುತ್ತದೆ. ಪ್ಲಾಸ್ಟಿಕ್ಕನ್ನು ಪಂಚಾಯಿತಿಯ ಕಸದ ಗಾಡಿಗೆ ಕೊಡಬೇಕು.

ವಸತಿ ಶಾಲೆ ಮತ್ತು ಹಾಸ್ಟೆಲುಗಳಲ್ಲಿ ಸೊಳ್ಳೆ ಬತ್ತಿಯ ಬಗ್ಗೆ ಎಚ್ಚರ ಬೇಕು. ಒಂದು ಬತ್ತಿ ಪೂರ್ತಿ ಉರಿದಾಗ ಹೊಮ್ಮುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಳತೆಯೊಂದು ಹೇಳಿತ್ತು. ಮುಚ್ಚಿದ ಕೋಣೆಯಲ್ಲಿ ಇಪ್ಪತ್ತು ಮಕ್ಕಳು ಮಲಗಿರುವಾಗ ಮೂಲೆ ಮೂಲೆಗೆ ಬತ್ತಿ ಹಚ್ಚುವುದಕ್ಕಿಂತ ಕಿಟಕಿಗೆ ಜಾಲರಿ ಹೊಡೆಸುವುದು, ಸೊಳ್ಳೆ ಪರದೆ ಕೊಡುವುದು ಎಷ್ಟೋ ಮೇಲು. ಜಾಲರಿಯಿದ್ದರೆ ರಾತ್ರಿ ಕಿಟಕಿ ತೆರೆದಿಡಲೂ ಆಗುತ್ತದೆ. ಸಿಗರೇಟು, ಬೀಡಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ: ಶಾಲೆಯ ಆವರಣದಲ್ಲಿ ಧೂಮಪಾನ ನಿಷಿದ್ಧ, ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ.

ನಾಲ್ಕನೇ ಹೆಜ್ಜೆ: ಕಿಟಕಿ

ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು ಶೇ 4ರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 420 ಭಾಗದಷ್ಟಿದೆ. ಈ ಅಳತೆಯನ್ನು ಪಿಪಿಎಂ ಎನ್ನುತ್ತಾರೆ. ಒಂದು ಲೆಕ್ಕ ಹಾಕೋಣ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ತರಗತಿಯಲ್ಲಿ ಸುಮಾರು 113 ಘನ ಮೀಟರ್ ಗಾಳಿ ಹಿಡಿಸುತ್ತದೆ. ಕುಳಿತಿರುವ ಮಗುವೊಂದು ಗಂಟೆಗೆ ಅಂದಾಜು 12 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಟ್ಟರೆ, ಪೂರ್ತಿ ಮುಚ್ಚಿದ ಆ ಕೋಣೆಯಲ್ಲಿ 40 ಮಕ್ಕಳು ಕುಳಿತ ಹತ್ತೇ ನಿಮಿಷಕ್ಕೆ ಅದರ ಪ್ರಮಾಣ 700 ಪಿಪಿಎಂನಷ್ಟು ಏರುತ್ತದೆ. ಅಂದರೆ ಹಾಜರಿ ಕರೆದು ಮುಗಿಯುವಷ್ಟರಲ್ಲಿ 1,000 ದಾಟಿರುತ್ತದೆ. ಯಾವ ಕೋಣೆಯೂ ಅಷ್ಟು ಬಿಗಿಯಾಗಿ ಮುಚ್ಚಿರುವುದಿಲ್ಲ ನಿಜ, ಆದರೆ ಮಳೆಗಾಲದಲ್ಲಿ ಕಿಟಕಿ ಹಾಕಿದ ಕೋಣೆ ಅದಕ್ಕೆ ಬಹಳ ಹತ್ತಿರ ಬರುತ್ತದೆ.

1,000 ಪಿಪಿಎಂ ಎಂಬುದು ವಿಷದ ಗಡಿಯಲ್ಲ. ಒಬ್ಬರ ಉಸಿರು ಇನ್ನೊಬ್ಬರ ಮೂಗಿಗೆ ಹೆಚ್ಚಾಗಿ ಹೋಗುತ್ತಿದೆ, ಗಾಳಿ ಸಾಕಷ್ಟು ಬದಲಾಗುತ್ತಿಲ್ಲ ಎಂಬುದಕ್ಕೆ ಅದು ಗುರುತು. ಉಸಿರಿನ ಜೊತೆ ಶೀತ, ಫ್ಲೂ, ದಡಾರ, ಕ್ಷಯ, ಕೋವಿಡ್ ರೋಗಾಣುಗಳೂ ಗಾಳಿಯಲ್ಲಿ ಸೇರುತ್ತವೆ. ಮಧ್ಯಾಹ್ನದ ಅವಧಿಯಲ್ಲಿ ಇಡೀ ತರಗತಿ ತೂಕಡಿಸುವುದಕ್ಕೆ ಬಿಸಿಯೂಟದ ಅನ್ನ-ಸಾಂಬಾರನ್ನಷ್ಟೇ ದೂರುವುದು ಅನ್ಯಾಯ.

ಗಾಳಿ ಒಂದು ಕಡೆಯಿಂದ ಬಂದು ಎದುರು ಕಡೆಯಿಂದ ಹೋಗಬೇಕು. ಒಂದೇ ಗೋಡೆಯ ನಾಲ್ಕು ಕಿಟಕಿ ತೆರೆಯುವುದಕ್ಕಿಂತ ಎದುರುಬದುರಿನ ಎರಡನ್ನು ತೆರೆಯುವುದು ಹೆಚ್ಚು ಫಲಕಾರಿ. ತೆಳುವಾದ ಕಾಗದದ ಪಟ್ಟಿಯೊಂದನ್ನು ಕಿಟಕಿಯ ಬಳಿ ಹಿಡಿದರೆ ಗಾಳಿ ಒಳಬರುತ್ತಿದೆಯೇ, ಹೊರಹೋಗುತ್ತಿದೆಯೇ, ನಿಂತೇ ಬಿಟ್ಟಿದೆಯೇ ಎಂಬುದು ತಿಳಿಯುತ್ತದೆ. ಗೋಡೆಯ ಮೇಲ್ಭಾಗದಲ್ಲಿರುವ ಗವಾಕ್ಷಿಗಳನ್ನು ನಮ್ಮ ಹಳೆಯ ಶಾಲೆಗಳನ್ನು ಕಟ್ಟಿದವರು ಸುಮ್ಮನೆ ಇಟ್ಟಿರಲಿಲ್ಲ. ಬಿಸಿಯಾದ ಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ. ಅನೇಕ ಕಡೆ ಈಗ ಅವುಗಳಿಗೆ ರಟ್ಟು ತುರುಕಿ ಮುಚ್ಚಿರುತ್ತಾರೆ, ಕಾರಣ ಕೇಳಿದರೆ ಪಾರಿವಾಳ ಎನ್ನುತ್ತಾರೆ. ಪಾರಿವಾಳದ ಹಿಕ್ಕೆ ಮತ್ತು ಗರಿಯ ದೂಳು ಶ್ವಾಸಕೋಶದ ಅಲರ್ಜಿ ತರುವುದು ನಿಜವೇ. ಆದರೆ ಅದಕ್ಕೆ ಮದ್ದು ರಟ್ಟಲ್ಲ, ಜಾಲರಿ. ಬಿದ್ದಿರುವ ಹಿಕ್ಕೆಯನ್ನು ನೀರು ಹಾಕಿ ನೆನೆಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ದೊಡ್ಡವರೇ ತೆಗೆಯಬೇಕು.

ಕಿಟಕಿ ತೆರೆಯದಿರುವುದಕ್ಕೆ ಪ್ರತಿ ಶಾಲೆಯಲ್ಲೂ ಒಂದೊಂದು ಕಾರಣವಿರುತ್ತದೆ, ಕಾರಣ ಹುಡುಕದೆ ಆದೇಶ ಹೊರಡಿಸಿ ಪ್ರಯೋಜನವಿಲ್ಲ. ನಾನು ನೋಡಿದ ಒಂದು ಶಾಲೆಯಲ್ಲಿ ಪರೀಕ್ಷೆಯ ನಕಲು ತಡೆಯಲೆಂದು ಹಿಂದೊಮ್ಮೆ ಹೊಡೆದ ಹಲಗೆಯನ್ನು ಆಮೇಲೆ ಯಾರೂ ಕಿತ್ತಿರಲಿಲ್ಲ. ಇನ್ನೊಂದರಲ್ಲಿ ಕೋತಿಗಳ ಕಾಟ. ಹಲವೆಡೆ ತಿರುಗಣಿ ತುಕ್ಕು ಹಿಡಿದಿರುತ್ತದೆ ಅಷ್ಟೇ. ಒಂದಿಷ್ಟು ಎಣ್ಣೆ, ಒಂದೆರಡು ಹೊಸ ಕೊಂಡಿ ಸಾಕು. ಕಿಟಕಿಗೆ ಅಡ್ಡ ಬಂದ ಬೀರು, ಮುರಿದ ಬೆಂಚು, ಹಳೆಯ ಕಂಪ್ಯೂಟರ್‌ಗಳನ್ನು ಸರಿಸಿ. ಮಳೆ ಎರಚುವ ದಿನ ಗಾಳಿಗೆ ಬೆನ್ನಾದ ಕಡೆಯ ಕಿಟಕಿಯನ್ನಾದರೂ ತೆರೆದಿಡಿ; ಅದೂ ಆಗದಿದ್ದರೆ ಪ್ರತಿ ಅವಧಿಯ ಕೊನೆಗೆ ಐದು ನಿಮಿಷ ಎಲ್ಲವನ್ನೂ ತೆರೆದು ಬಿಡುವ ನಿಯಮ ಮಾಡಿಕೊಳ್ಳಿ.

ಐದನೇ ಹೆಜ್ಜೆ: ಮಲೆನಾಡು ಮತ್ತು ಕರಾವಳಿಯವರು ಗಮನಿಸಬೇಕಾದ ತೇವ

ಆಗುಂಬೆಯ ಸುತ್ತಮುತ್ತಲಿನ ಶಾಲೆಗೆ ವಿಜಯಪುರದ ಶಾಲೆಯ ಸಲಹೆ ಹೊಂದುವುದಿಲ್ಲ. ಮಲೆನಾಡಿನ ಶತ್ರು ದೂಳಿಗಿಂತ ತೇವ. ಗೋಡೆಯ ಮೇಲಿನ ಕಪ್ಪು-ಹಸಿರು ಬೂಸ್ಟು ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ, ತೇವದಲ್ಲಿ ದೂಳಿನ ನುಸಿ ಹೆಚ್ಚುತ್ತದೆ, ಎರಡೂ ಉಬ್ಬಸವನ್ನು ಕೆರಳಿಸುತ್ತವೆ. ಬೂಸ್ಟಿನ ಮೇಲೆ ಬಣ್ಣ ಬಳಿಯುವುದು ಎಲ್ಲರೂ ಮಾಡುವ ತಪ್ಪು. ಒಂದೇ ಮಳೆಗಾಲಕ್ಕೆ ಅದು ಬಣ್ಣದ ಹಿಂದಿನಿಂದ ಹೊರಬರುತ್ತದೆ. ನೀರು ಬರುವ ದಾರಿ ಮೊದಲು ಮುಚ್ಚಬೇಕು. ಮೇ ತಿಂಗಳಲ್ಲೇ ಒಡೆದ ಹೆಂಚು ಬದಲಿಸಿ, ಮಾಡಿನ ದೋಣಿಯಲ್ಲಿ ತುಂಬಿದ ಎಲೆ ತೆಗೆದು, ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ಚರಂಡಿ ಬಿಡಿಸಿ. ನಂತರ ಬೂಸ್ಟನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಸುಣ್ಣ ಬಳಿಯಿರಿ. ಸುಣ್ಣ ಬಳಿದ ಗೋಡೆ ತೇವವನ್ನು ಒಳಗೇ ಕೂಡಿ ಹಾಕಿಕೊಳ್ಳದೆ ಹೊರಬಿಡುತ್ತದೆ.

ಅಕ್ಕಿಯ ಗೋಣಿಚೀಲ, ಹಳೆಯ ಪುಸ್ತಕದ ಕಟ್ಟು, ಒದ್ದೆ ಛತ್ರಿ, ಕೊಪ್ಪೆ ಇವು ತರಗತಿಯೊಳಗೆ ಇರಬಾರದು. ಛತ್ರಿ ನೇತುಹಾಕಲು ಜಗಲಿಯಲ್ಲಿ ಒಂದು ತಂತಿ ಕಟ್ಟಿದರೆ ಸಾಕು, ಆದರೂ ಎಷ್ಟೋ ಶಾಲೆಗಳಲ್ಲಿ ಅದಿಲ್ಲ.

ಆರನೇ ಹೆಜ್ಜೆ: ಬೇಲಿಯಾಚೆಯ ಗಾಳಿ

ಹೊರಗಿನ ಗಾಳಿಯೇ ಕೆಟ್ಟಿದ್ದರೆ ಕಿಟಕಿ ತೆರೆದು ಏನು ಲಾಭ ಎಂಬ ಪ್ರಶ್ನೆ ಬೆಂಗಳೂರಿನ ಪೋಷಕರದ್ದು. ಸೂಕ್ಷ್ಮ ಕಣಗಳಿಗೆ ಭಾರತದ 2009ರ ಮಾನದಂಡ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಎರಡರ ನಡುವೆ ನಾಲ್ಕು ಪಟ್ಟು ಅಂತರವಿರುವುದರಿಂದ, ಮೊಬೈಲಿನಲ್ಲಿ ಗಾಳಿಯ ಗುಣಮಟ್ಟ ‘ತೃಪ್ತಿಕರ’ ಎಂದು ತೋರಿಸಿದ ಮಾತ್ರಕ್ಕೆ ಉಬ್ಬಸದ ಮಗುವಿಗೆ ಅದು ತೃಪ್ತಿಕರ ಆಗಿರಲೇಬೇಕೆಂದಿಲ್ಲ.

ಮುಖ್ಯ ರಸ್ತೆಗೆ ತಾಗಿದ ಶಾಲೆಯವರು ವಾಹನ ದಟ್ಟಣೆಯ ಹೊತ್ತಿನಲ್ಲಿ ರಸ್ತೆಯ ಕಡೆಯ ಕಿಟಕಿಗಳನ್ನು ಮುಚ್ಚಿ, ಅಂಗಳದ ಕಡೆಯವನ್ನು ತೆರೆದಿಡಬಹುದು. ಹತ್ತೂವರೆಯ ನಂತರ ಎರಡನ್ನೂ ತೆರೆಯಬಹುದು. ಚಳಿಗಾಲದ ಮುಂಜಾನೆ ತಂಪಾದ ಗಾಳಿ ನೆಲಮಟ್ಟದಲ್ಲೇ ನಿಲ್ಲುವುದರಿಂದ ಹೊಗೆ, ದೂಳು ಮೇಲೇರಿ ಚದುರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಓಟ, ಡ್ರಿಲ್‌ಗಳನ್ನು ಮೊದಲ ಅವಧಿಗೆ ಬದಲು ಮಧ್ಯಾಹ್ನದ ಅವಧಿಗೆ ಸರಿಸುವುದು ಒಳ್ಳೆಯದು. ಗೇಟಿನೆದುರು ಎಂಜಿನ್ ಚಾಲೂ ಇಟ್ಟುಕೊಂಡು ಕಾಯುವ ವ್ಯಾನು, ಬಸ್ಸು, ಬೈಕುಗಳಿಗೆ ‘ಎಂಜಿನ್ ನಿಲ್ಲಿಸಿ’ ಎಂಬ ಫಲಕ ಹಾಕಿ. ಫಲಕವನ್ನು ಯಾರೂ ಓದುವುದಿಲ್ಲ. ಹೈಸ್ಕೂಲಿನ ಇಬ್ಬರು ಮಕ್ಕಳು ನಿಂತು ಕೇಳಿಕೊಂಡರೆ ಎಲ್ಲರೂ ನಿಲ್ಲಿಸುತ್ತಾರೆ.

ಹಳ್ಳಿಯ ಗಾಳಿಗೆ ಅದರದ್ದೇ ಆದ ಪಂಚಾಂಗವಿದೆ. ಕಲಬುರಗಿ ಕಡೆ ತೊಗರಿ ರಾಶಿಯ ಹೊಟ್ಟು, ಮಂಡ್ಯದಲ್ಲಿ ಆಲೆಮನೆಯ ಹೊಗೆ, ಬೆಳಗಾವಿಯಲ್ಲಿ ಕಬ್ಬು ಕಡಿದ ಮೇಲೆ ಸುಡುವ ರವದಿ, ಚನ್ನಗಿರಿ ಕಡೆ ರಸ್ತೆ ಬದಿಯಲ್ಲಿ ಸುಡುವ ಅಡಿಕೆ ಸಿಪ್ಪೆ, ಸಂಡೂರಿನಲ್ಲಿ ಅದಿರಿನ ಕೆಂದೂಳು. ನಿಮ್ಮೂರಿನದು ಯಾವ ತಿಂಗಳು ಎಂದು ನಿಮಗೇ ಗೊತ್ತು. ಅದನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಆ ದಿನಗಳಲ್ಲಿ ಯಾವ ಕಡೆಯ ಕಿಟಕಿ, ಯಾವ ಹೊತ್ತಿನಲ್ಲಿ ಎಂದು ಮೊದಲೇ ತೀರ್ಮಾನಿಸಿ. ಶಾಲೆಯ ಸುತ್ತ ಬೆಳೆಯುವ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಪರಾಗದಿಂದ ಮೂಗು-ಕಣ್ಣಿನ ಅಲರ್ಜಿ ಮತ್ತು ಉಬ್ಬಸ ತರುತ್ತದೆ. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಗಿತ್ತು, ಆದರೂ ಗಿಡ ಉಳಿದಿದೆ. ಹೂ ಬಿಡುವ ಮುನ್ನ, ಮಳೆ ಬಂದು ಮಣ್ಣು ಮೆತ್ತಗಿರುವಾಗ ಬೇರು ಸಮೇತ ಕೀಳಿಸಬೇಕು. ಕೀಳುವವರು ಕೈಗವಸು ತೊಟ್ಟ ದೊಡ್ಡವರಾಗಿರಲಿ. ಶ್ರಮದಾನದ ಹೆಸರಿನಲ್ಲಿ ಮಕ್ಕಳನ್ನು ಇದಕ್ಕೆ ಹಚ್ಚಬೇಡಿ.

ಏಳನೇ ಹೆಜ್ಜೆ: ಬಣ್ಣ, ಬ್ಲೀಚಿಂಗ್ ಪೌಡರ್, ಶೀಟು

ಬಣ್ಣ ಬಳಿಸುವುದು ಬೇಸಿಗೆ ರಜೆಯ ಆರಂಭದಲ್ಲೇ ಆಗಲಿ, ಶಾಲೆ ತೆರೆಯುವ ಹಿಂದಿನ ವಾರದಲ್ಲಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ದೇಶದಲ್ಲಿ 2017ರಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದನ್ನು ನೋಡಿ ಕೊಳ್ಳಿ. ಅದಕ್ಕಿಂತ ಹಳೆಯ ಬಣ್ಣವನ್ನು ಕೆರೆಯುವಾಗ ನೀರು ಹಾಕಿ ಕೆರೆಯಬೇಕು, ಒಣದಾಗಿ ಉಜ್ಜಿದರೆ ಸೀಸದ ದೂಳು ಏಳುತ್ತದೆ.

ಶೌಚಾಲಯಕ್ಕೆ ಹಾಕುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದಿಗೂ ಒಟ್ಟಿಗೆ ಬಳಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಸ್ವಚ್ಛಗೊಳಿಸುವವರಿಗೆ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಎರಡನ್ನೂ ಬೇರೆ ಬೇರೆ ಕಡೆ ಇಡಿಸಿ. ಸಿಮೆಂಟ್ ಶೀಟಿನ ಹಳೆಯ ಮಾಡುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ, ಅದರ ಎಳೆಗಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲವು. ಗಟ್ಟಿಯಾಗಿರುವ ಶೀಟನ್ನು ಮುಟ್ಟದೆ ಬಿಡುವುದೇ ಕ್ಷೇಮ. ಅದನ್ನು ಕೊರೆಯುವುದು, ಒಡೆಯುವುದು, ತುಂಡುಗಳನ್ನು ಅಂಗಳದಲ್ಲಿ ಆಟಕ್ಕೆ ಬಿಡುವುದು ಬೇಡ.

ಎಂಟನೇ ಹೆಜ್ಜೆ: ಯಂತ್ರ ಕೊಳ್ಳಬೇಕೆನಿಸಿದರೆ

ಗೋಡೆಗೆ ಹಾಕುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಕೋಣೆಗೇ ಬಿಡುತ್ತದೆ. ‘ಸಂಪೂರ್ಣ ಹವಾನಿಯಂತ್ರಿತ ತರಗತಿ’ ಎಂದು ಜಾಹೀರಾತು ಕೊಡುವ ಖಾಸಗಿ ಶಾಲೆಗೆ ಮಗುವನ್ನು ಸೇರಿಸುವವರು, ಹೊಸ ಗಾಳಿ ಒಳಬರಲು ಏನು ವ್ಯವಸ್ಥೆಯಿದೆ ಎಂದು ಕೇಳುವುದು ಅವರ ಹಕ್ಕು. ಚಾವಣಿಯ ಫ್ಯಾನೂ ಅಷ್ಟೇ, ಇದ್ದ ಗಾಳಿಯನ್ನು ಕದಡುತ್ತದೆ.

ಹೆಪಾ ಫಿಲ್ಟರಿನ ಶುದ್ಧೀಕರಣ ಯಂತ್ರ ಸೂಕ್ಷ್ಮ ಕಣಗಳನ್ನು ಹಿಡಿಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಕಡಿಮೆ ಮಾಡುವುದಿಲ್ಲ. ಗಂಟೆಗೆ ಕನಿಷ್ಠ ಐದು ಬಾರಿ ಕೋಣೆಯ ಗಾಳಿ ಬದಲಾಗುವಷ್ಟು ಕೆಲಸ ನಡೆಯಬೇಕು ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ನೀಡಿದ ಗುರಿ. ಮೇಲೆ ಲೆಕ್ಕ ಹಾಕಿದ 113 ಘನ ಮೀಟರಿನ ತರಗತಿಗೆ ಅದು ಗಂಟೆಗೆ 565 ಘನ ಮೀಟರ್ ಆಗುತ್ತದೆ. ಮನೆಯ ಮಲಗುವ ಕೋಣೆಗೆಂದು ಮಾಡಿದ ಒಂದು ಸಣ್ಣ ಯಂತ್ರ ಅದಕ್ಕೆ ಸಾಲುವುದಿಲ್ಲ, ಫಿಲ್ಟರ್ ಬದಲಿಸುವ ಖರ್ಚು ಪ್ರತಿ ವರ್ಷವೂ ಬರುತ್ತದೆ. ಕಾರ್ಖಾನೆ, ಗಣಿ ಅಥವಾ ಹೆದ್ದಾರಿಗೆ ಅಂಟಿಕೊಂಡ ಶಾಲೆಗಳನ್ನು ಬಿಟ್ಟರೆ, ಅದೇ ಹಣದಲ್ಲಿ ಜಾಲರಿ, ಕಿಟಕಿಯ ದುರಸ್ತಿ ಮತ್ತು ಎಕ್ಸಾಸ್ಟ್ ಫ್ಯಾನು ಹಾಕಿಸುವುದು ಜಾಣತನ ಎನ್ನುವುದು ನನ್ನ ಅಭಿಪ್ರಾಯ.

ಒಂಬತ್ತನೇ ಹೆಜ್ಜೆ: ಉಬ್ಬಸವಿರುವ ಮಗು

ಗಾಳಿಯನ್ನು ಎಷ್ಟೇ ಸರಿಪಡಿಸಿದರೂ ಕೆಲವು ಮಕ್ಕಳಿಗೆ ಉಬ್ಬಸ ಬರುತ್ತದೆ. ಜೂನ್‌ನಲ್ಲಿ ದಾಖಲಾತಿಯ ವೇಳೆಯೇ ಪೋಷಕರನ್ನು ಕೇಳಿ ಪಟ್ಟಿ ಮಾಡಿಕೊಳ್ಳಿ. ಉಬ್ಬಸ, ದಮ್ಮು, ಅಲರ್ಜಿ ಕೆಮ್ಮು ಹೀಗೆ ಮನೆಮನೆಯಲ್ಲಿ ಬೇರೆ ಬೇರೆ ಹೆಸರಿರುವುದರಿಂದ ‘ಅಸ್ತಮಾ ಇದೆಯೇ’ ಎಂದಷ್ಟೇ ಕೇಳಿದರೆ ಇಲ್ಲ ಎಂದುಬಿಡುತ್ತಾರೆ. ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು ಬರುತ್ತದೆಯೇ, ಓಡಿದಾಗ ಎದೆಯಲ್ಲಿ ಸುಂಯ್ ಎನ್ನುತ್ತದೆಯೇ, ನೆಗಡಿಯಾದರೆ ವಾರಗಟ್ಟಲೆ ಎಳೆಯುತ್ತದೆಯೇ ಎಂದು ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುತ್ತದೆ. ಅವರು ತಪಾಸಣೆ ಮಾಡುವ ಕಾಯಿಲೆಗಳ ಪಟ್ಟಿಯಲ್ಲಿ ಶ್ವಾಸನಾಳ ಬಿಗಿಯುವ ತೊಂದರೆಯೂ ಇದೆ. ಅಂದು ನಿಮ್ಮ ಪಟ್ಟಿಯನ್ನು ಅವರ ಕೈಗಿಡಿ.

ಇನ್‌ಹೇಲರ್ ಚಟವಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ಸುಳ್ಳು. ಔಷಧಿ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆ, ಸಿರಪ್‌ಗಿಂತ ತೀರಾ ಕಡಿಮೆ ಪ್ರಮಾಣ ಸಾಕಾಗುತ್ತದೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಮೀನಿನ ಪ್ರಸಾದಕ್ಕೆ ಹೋಗಿಬರುವ ಕುಟುಂಬಗಳು ನಮ್ಮಲ್ಲೂ ಇವೆ. ಅವರ ನಂಬಿಕೆಯೊಂದಿಗೆ ಶಾಲೆ ಜಗಳವಾಡಬೇಕಿಲ್ಲ, ಆದರೆ ವೈದ್ಯರು ಕೊಟ್ಟ ಇನ್‌ಹೇಲರನ್ನು ನಿಲ್ಲಿಸಬೇಡಿ ಎಂದು ಗಟ್ಟಿಯಾಗಿ ಹೇಳಬೇಕು. ಆಟದ ಶಿಕ್ಷಕರಿಗೂ ಒಂದು ಮಾತು: ಉಬ್ಬಸದ ಮಗುವನ್ನು ಆಟದಿಂದ ಹೊರಗಿಡಬೇಡಿ, ನಿಧಾನವಾಗಿ ಮೈ ಬಿಸಿ ಮಾಡಿಸಿ ಆಮೇಲೆ ಓಡಿಸಿ.

ಶಾಲೆಯಲ್ಲಿ ಉಸಿರು ಕಟ್ಟಿದಾಗ ಮಗುವನ್ನು ಮಲಗಿಸಬಾರದು, ನೇರವಾಗಿ ಕೂರಿಸಬೇಕು. ಸುತ್ತ ಗುಂಪು ಸೇರಲು ಬಿಡಬಾರದು. ಮಗುವಿಗೆ ವೈದ್ಯರು ಬರೆದುಕೊಟ್ಟಿರುವ, ತಕ್ಷಣಕ್ಕೆ ಉಸಿರು ಬಿಡಿಸುವ ಸಾಲ್ಬುಟಮಾಲ್ ಇನ್‌ಹೇಲರನ್ನು ಸ್ಪೇಸರಿಗೆ, ಅಂದರೆ ಔಷಧಿಯ ತುಂತುರನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಳವೆಗೆ ಜೋಡಿಸಿ, ಒಂದು ಬಾರಿ ಒತ್ತಿ ನಾಲ್ಕು ಉಸಿರು ಎಳೆಸಬೇಕು. ಹೀಗೆ ನಾಲ್ಕು ಬಾರಿ. ನಾಲ್ಕು ನಿಮಿಷ ಕಾದು ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು ಬಾರಿ ಕೊಡುತ್ತಾ 108ಕ್ಕೆ ಕರೆ ಮಾಡಬೇಕು. ಮಾತು ತುಂಡಾಗುತ್ತಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ ಕಾಯದೆ ಮೊದಲೇ ಕರೆ ಮಾಡಬೇಕು. ಸ್ಪೇಸರ್ ಇಲ್ಲದಿದ್ದರೆ ಅರ್ಧ ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್‌ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ರಂಧ್ರ ಕೊರೆದು, ಬಾಟಲಿಯ ಬಾಯಿಂದ ಉಸಿರು ಎಳೆಸಬಹುದು. ದಕ್ಷಿಣ ಆಫ್ರಿಕಾದ ವೈದ್ಯರು 1990ರ ದಶಕದಲ್ಲೇ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದ್ದಾರೆ. ಇವೆಲ್ಲವನ್ನೂ ಇಬ್ಬರು ಶಿಕ್ಷಕರಾದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕಲಿತು ಬರಬೇಕು, ಪೋಷಕರ ಲಿಖಿತ ಒಪ್ಪಿಗೆ ಮತ್ತು ವೈದ್ಯರ ಚೀಟಿಯ ಪ್ರತಿ ಕಡತದಲ್ಲಿರಬೇಕು.

ಇನ್‌ಹೇಲರನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಸಣ್ಣದಲ್ಲ. ಜೋಪಾನವಾಗಿರಲಿ ಎಂದು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕುವುದು ವಾಡಿಕೆ. ಬೀಗದ ಕೈ ಮುಖ್ಯ ಶಿಕ್ಷಕರ ಜೇಬಿನಲ್ಲಿ, ಮುಖ್ಯ ಶಿಕ್ಷಕರು ಬಿಇಒ ಕಚೇರಿಯ ಸಭೆಯಲ್ಲಿ. ಅದು ಆ ಮಗುವಿನ ಚೀಲದಲ್ಲೇ ಇರಲಿ. ಚಿಕ್ಕ ಮಕ್ಕಳಾದರೆ ತರಗತಿ ಶಿಕ್ಷಕರ ಮೇಜಿನ ಮೇಲಿನ ಡಬ್ಬಿಯಲ್ಲಿ, ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಬರೆದ ಚೀಟಿ ಅಂಟಿಸಿ, ಬೀಗವಿಲ್ಲದೆ ಇಡಿ.